ನಮ್ಮ ಭಾಷೆ ಕಲಿತ ಕಿಟ್ಟೆಲ್

ಈ ತಿಂಗಳ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ಹೋದ ತಿಂಗಳು ವಿಶ್ವೇಶ್ವರಯ್ಯನವರ ಬಗ್ಗೆ ಬಂದಿತ್ತು. ಅದರ ಹಿಂದಿನ ತಿಂಗಳು ಕಿತ್ತೂರು ಚೆನ್ನಮ್ಮ. ನಾನು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರ ಬಗ್ಗೆ ಬರೆಯುತ್ತೇನೆ ಅಂತ ಹೇಳಿದಾಗ ನಮ್ಮ ತರಗತಿಯವರು ಅದು ಯಾರು ಅಂತ ಕೇಳಿದರು. ನನಗೂ ಎರಡು ತಿಂಗಳ ಹಿಂದೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಲೋಟ ಹಾಲಿನಿಂದ. ಅದನ್ನು ಆಮೇಲೆ ಹೇಳುತ್ತೇನೆ. ಒಂದು ಹಾಳೆ ಸಾಲದೆ ಮೂರು ಹಾಳೆ ಅಂಟಿಸಿದ್ದೇನೆ, ಸಂಪಾದಕರು ಕ್ಷಮಿಸಬೇಕು.

ಕಿಟ್ಟೆಲ್ ಅವರು 1832ನೇ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಇವರ ತಂದೆ ಪಾದ್ರಿಯಾಗಿದ್ದರು. ಆ ಊರು ಉತ್ತರದ ಸಮುದ್ರದ ಬದಿಯಲ್ಲಿ ಉಂಟು, ನಮ್ಮ ಉಳ್ಳಾಲ, ಸುರತ್ಕಲ್ ಕಡೆಯ ಹಾಗೆ. ಆದರೆ ಅಲ್ಲಿ ತೆಂಗಿನ ಮರ ಇಲ್ಲ, ಚಳಿಯೇ ಜಾಸ್ತಿ. ಆ ಕಡೆಯ ಜನ ಮನೆಯಲ್ಲಿ ಮಾತಾಡುವುದು ಕೆಳಜರ್ಮನ್ ಎಂಬ ಮಾತು. ಶಾಲೆಯಲ್ಲಿ, ಪುಸ್ತಕದಲ್ಲಿ ಇರುವ ಜರ್ಮನ್ ಬೇರೆ. ಇದನ್ನು ಕೇಳಿದಾಗ ನನಗೆ ಖುಷಿಯಾಯಿತು. ನಮ್ಮದೂ ಹಾಗೆಯೇ ಅಲ್ಲವಾ? ನಮ್ಮ ಮನೆಯಲ್ಲಿ ತುಳು. ಸುಳ್ಯ ಕಡೆಯ ಗೌಡರ ಮನೆಗಳಲ್ಲಿ ಅರೆಭಾಷೆ. ನನ್ನ ಬೆಂಚಿನಲ್ಲಿ ಕೂರುವ ಒಬ್ಬಳು ಬ್ಯಾರಿ, ಒಬ್ಬಳು ಹವ್ಯಕ, ಹಿಂದಿನ ಬೆಂಚಿನಲ್ಲಿ ಕೊಂಕಣಿ, ಮಲಯಾಳ. ಕನ್ನಡ ನಮಗೆಲ್ಲ ಶಾಲೆಯಲ್ಲಿ ಸಿಕ್ಕಿದ್ದು. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲೂ ಹೀಗೆಯೇ ಅಂತ ಮಾಷ್ಟ್ರು ಹೇಳಿದ್ದಾರೆ.

ಕಿಟ್ಟೆಲ್ ಅವರಿಗೆ ಸಣ್ಣದರಿಂದಲೂ ಭಾಷೆ ಕಲಿಯುವ ಆಸೆ ಇತ್ತು. ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಎಲ್ಲ ಕಲಿತರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿದ್ದ ಮಿಷನ್ ಶಾಲೆಗೆ ಸೇರಿದರು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ, ಮುದ್ರಣಾಲಯ ಮಾಡಿದ್ದು ಇದೇ ಬಾಸೆಲ್ ಮಿಷನ್. ನಮ್ಮ ಹಳೆ ಮನೆಯ ಮಾಡಿನ ಹಂಚಿನಲ್ಲಿ ಬಾಸೆಲ್ ಮಿಷನ್ ಅಂತ ಅಚ್ಚು ಇದ್ದದ್ದನ್ನು ನಾನೇ ನೋಡಿದ್ದೇನೆ. ಅವರು 1853ರಲ್ಲಿ ಹಡಗು ಹತ್ತಿ ಇಂಡಿಯಾಕ್ಕೆ ಬಂದರು. ಆಗ ಅವರಿಗೆ 21 ವರ್ಷ.

ಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ. ಆದರೆ ಜನರ ಹತ್ತಿರ ಮಾತಾಡಬೇಕಾದರೆ ಜನರ ಭಾಷೆ ಬರಬೇಕಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯಲ್ಲಿ ಇದ್ದು ಕನ್ನಡ ಕಲಿತರು. ಬರೀ ಊಟ ಆಯ್ತಾ, ಎಲ್ಲಿಗೆ ಹೋಗ್ತೀರಿ ಅನ್ನುವಷ್ಟು ಕಲಿತು ಅವರು ನಿಲ್ಲಿಸಲಿಲ್ಲ. ಪಂಡಿತರ ಹತ್ತಿರ ಕೂತು ಹಳಗನ್ನಡದ ಕಾವ್ಯಗಳನ್ನೂ ಓದಿದರು. ಹಳ್ಳಿಯ ಜನರ ಗಾದೆಗಳನ್ನೂ ಬರೆದುಕೊಂಡರು. ಮಿಷನ್ನಿನ ಕೆಲವು ಹಿರಿಯರಿಗೆ ಇದು ಅಷ್ಟು ಹಿಡಿಸಲಿಲ್ಲವಂತೆ. ಪ್ರಚಾರಕ್ಕೆ ಬಂದವನು ಯಾವಾಗ ನೋಡಿದರೂ ಪುಸ್ತಕದಲ್ಲೇ ಇದ್ದಾನೆ ಅಂತ ಅವರಿಗೆ ಬೇಸರ. ನಾನು ಕತೆ ಪುಸ್ತಕ ಓದುವಾಗ ನಮ್ಮಮ್ಮನಿಗೆ ಆಗುವ ಹಾಗೆಯೇ ಇರಬೇಕು.

1862ರಲ್ಲಿ ಅವರು ಕಥಾಮಾಲೆ ಎಂಬ ಪುಸ್ತಕ ಬರೆದರು. ಏಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲಿಕ್ಕೆ ಆಗುವ ಹಾಗೆ ಬರೆದದ್ದು. ಬೇರೆ ದೇಶದವರಿಗೆ ನಮ್ಮ ಲಘು ಗುರು ಹಾಕಲಿಕ್ಕೆ ಬರುತ್ತಿತ್ತು! ನಮಗೆ ಪರೀಕ್ಷೆಯಲ್ಲಿ ಅದರಲ್ಲೇ ಮಾರ್ಕು ಹೋಗುವುದು.

ಅವರ ಮನೆಯಲ್ಲಿ ಕಷ್ಟವೂ ಬಂತು. 1860ರಲ್ಲಿ ಪೌಲೀನ ಎಂಬವರನ್ನು ಮದುವೆಯಾದರು. ಅವರು 1864ರಲ್ಲಿ ತೀರಿಕೊಂಡರು. ಆಮೇಲೆ ಪೌಲೀನ ಅವರ ತಂಗಿ ಜೂಲಿಯನ್ನು ಮದುವೆಯಾದರು. ಕಿಟ್ಟೆಲರು ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಇದ್ದು ಕೆಲಸ ಮಾಡಿದರು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿ ನಮ್ಮ ಪುತ್ತೂರು, ಸುಳ್ಯ, ಸಂಪಾಜೆ ಮೇಲೆಯೇ. ಈ ದಾರಿಯಲ್ಲಿ ಎತ್ತಿನ ಗಾಡಿ ನಿಲ್ಲಿಸಿ ಯಾರದ್ದಾದರೂ ಮನೆಯಲ್ಲಿ ಬೆಲ್ಲ ನೀರು ಕುಡಿದಿರಬಹುದು ಅಂತ ನಾನು ಸುಮ್ಮನೆ ಎಣಿಸಿಕೊಳ್ಳುತ್ತೇನೆ.

ಈಗ ಹಾಲಿನ ಸಂಗತಿ.

ನಮ್ಮ ಶಾಲೆಯ ಒಂದನೇ ತರಗತಿಗೆ ಜೂನಿನಲ್ಲಿ ಒಬ್ಬಳು ಪುಟ್ಟ ಹುಡುಗಿ ಸೇರಿದ್ದಾಳೆ. ಹೆಸರು ಬರೆಯುವುದಿಲ್ಲ, ಅವಳು ಇದನ್ನು ನೋಡಿದರೆ ನಾಚಿಕೊಳ್ತಾಳೆ. ರಬ್ಬರ್ ತೋಟದ ಲೈನ್ ಮನೆಯವಳು. ಅವರ ಮನೆಮಾತು ತಮಿಳು. ಅವಳ ಅಜ್ಜಿಯ ಮನೆಯವರು ಮೊದಲು ಶ್ರೀಲಂಕಾದ ಚಹಾ ತೋಟದಲ್ಲಿ ಇದ್ದವರು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡ ಮೇಲೆ ತುಂಬಾ ಜನರನ್ನು ಇಂಡಿಯಾಕ್ಕೆ ಕಳಿಸಿದರು. ಅವರಲ್ಲಿ ಕೆಲವರಿಗೆ ನಮ್ಮ ಪುತ್ತೂರು, ಸುಳ್ಯದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಬೆಳಗ್ಗೆ ಬೇಗ ಎದ್ದು ಟ್ಯಾಪಿಂಗ್ ಮಾಡುವವರು ಅವರೇ.

ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕೊಡ್ತಾರಲ್ಲ. 2013ರಿಂದ ಕೊಡ್ತಿದ್ದಾರಂತೆ. ಅವತ್ತು ಲೋಟ ಹಂಚುವ ಸರದಿ ನಮ್ಮ ತರಗತಿಯದ್ದು. ಆ ಹುಡುಗಿ ಲೋಟ ಹಿಡಿದುಕೊಂಡು ಬಂದು ಪಾಲ್ ಅಂತ ಹೇಳಿದಳು. ಪಾಲು ಅಂದರೆ ನಮಗೆ ಆಸ್ತಿ ಪಾಲು ಮಾಡುವುದು. ಇವಳಿಗೆ ಆಸ್ತಿಯಲ್ಲಿ ಪಾಲು ಬೇಕಂತೆ ಅಂತ ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಅಡಗಿಸುವುದಿಲ್ಲ, ಜೋರಾಗಿ ನಕ್ಕವಳು ನಾನೇ.

ಅವಳು ಲೋಟ ಅಲ್ಲೇ ಇಟ್ಟು ಹೋದಳು. ಮರುದಿನ ಹಾಲಿಗೆ ಬರಲಿಲ್ಲ. ಅದರ ಮರುದಿನ ಶಾಲೆಗೇ ಬರಲಿಲ್ಲ. ಮತ್ತೆ ಬಂದ ಮೇಲೆ ಬಾಯಿಯೇ ತೆರೆಯಲಿಲ್ಲ. ನಲಿ ಕಲಿ ಕೋಣೆಯಲ್ಲಿ ಮೂಲೆಯಲ್ಲಿ ಕೂತಿರುತ್ತಿದ್ದಳು. ಟೀಚರ್ ಏನು ಕೇಳಿದರೂ ತಲೆ ಬಗ್ಗಿಸುವುದು. ಹೀಗಾದರೆ ಅವರ ಮನೆಯವರು ಶಾಲೆ ಬಿಡಿಸಿಬಿಡ್ತಾರೆ ಅಂತ ಟೀಚರ್ ಕನ್ನಡ ಮಾಷ್ಟ್ರ ಹತ್ತಿರ ಹೇಳುವುದು ನನಗೆ ಕೇಳಿತು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಸಂಜೆ ಮಾಷ್ಟ್ರ ಹತ್ತಿರ ಹೋಗಿ ನಡೆದದ್ದು ಹೇಳಿದೆ.

ಮಾಷ್ಟ್ರು ಬೈಯಲಿಲ್ಲ. ಮರುದಿನ ಮನೆಯಿಂದ ಒಂದು ದಪ್ಪ ಪುಸ್ತಕ ತಂದರು. ಅದೇ ಕಿಟ್ಟೆಲ್ ನಿಘಂಟು. ಹಾಲು ಹುಡುಕು ಅಂತ ಹೇಳಿದರು. ನಾನು ಹುಡುಕಿದೆ. ಹಾಲು ಅಂತ ಇದ್ದಲ್ಲಿ ಅದು ಪಾಲ್ ಅಂತ ಬರೆದಿತ್ತು! ಮಾಷ್ಟ್ರು ವಿವರಿಸಿದರು. ಹಳಗನ್ನಡದಲ್ಲಿ ಶಬ್ದದ ಮೊದಲಿಗೆ ಪ ಇದ್ದದ್ದು ಆಮೇಲೆ ಹ ಆಯಿತು. ಪಂಪನ ಕಾಲದವರು ಹಾಲನ್ನು ಪಾಲ್ ಅಂತಲೇ ಹೇಳುತ್ತಿದ್ದರು. ಪುಲಿ ಹುಲಿ ಆಯಿತು, ಪೂ ಹೂ ಆಯಿತು, ಪಾವು ಹಾವು ಆಯಿತು. ತಮಿಳಿನಲ್ಲಿ ಈಗಲೂ ಪುಲಿ, ಪೂ. ನಮ್ಮ ತುಳುವಿನಲ್ಲಿ ಪಿಲಿ, ಪೂ. ನವರಾತ್ರಿಗೆ ನಾವು ನೋಡುವುದು ಪಿಲಿವೇಷ ಅಲ್ಲವಾ? ಅಂದರೆ ಆ ಒಂದನೇ ತರಗತಿಯವಳು ತಪ್ಪು ಹೇಳಿರಲಿಲ್ಲ. ಸಾವಿರ ವರ್ಷದ ಹಿಂದಿನ ಕನ್ನಡದವರ ಹಾಗೆ ಹೇಳಿದ್ದಳು. ನಕ್ಕ ನನಗೇ ಕನ್ನಡ ಸರಿ ಗೊತ್ತಿರಲಿಲ್ಲ.

ಆ ನಿಘಂಟಿನ ಬಗ್ಗೆ ಸ್ವಲ್ಪ ಬರೆಯಬೇಕು, ಯಾಕೆಂದರೆ ಕಿಟ್ಟೆಲ್ ಅವರ ಜೀವನ ಅಂದರೆ ಅದುವೇ. ಅದಕ್ಕೆ ಅವರು 20 ವರ್ಷಕ್ಕಿಂತಲೂ ಹೆಚ್ಚು ಕಾಲ ದುಡಿದರು. ನಡುವೆ ಆರೋಗ್ಯ ಕೆಟ್ಟು ಜರ್ಮನಿಗೆ ಹೋದರು. ಅಲ್ಲಿ ಸುಮ್ಮನೆ ಇರಬಹುದಿತ್ತು. ಆದರೆ ನಿಘಂಟಿನ ಕೆಲಸಕ್ಕಾಗಿಯೇ ತಿರುಗಿ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ. ಆಗ ಕಂಪ್ಯೂಟರ್ ಇಲ್ಲ, ಕರೆಂಟೂ ಇಲ್ಲ. ಒಂದೊಂದು ಶಬ್ದವನ್ನೂ ಕೈಯಲ್ಲಿ ಬರೆಯಬೇಕು. ಅಚ್ಚಿನ ಮೊಳೆಯನ್ನು ಒಂದೊಂದೇ ಜೋಡಿಸಬೇಕು. ನಮಗೆ ಈ ಪತ್ರಿಕೆಯ ಮೂರು ಹಾಳೆ ಅಂದವಾಗಿ ಬರೆಯುವಾಗಲೇ ಬೆರಳು ನೋಯುತ್ತದೆ.

ಅದರಲ್ಲಿ ಶಬ್ದವನ್ನು ಕನ್ನಡದಲ್ಲಿ ಕೊಟ್ಟು ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದ್ದಾರೆ. ಅಷ್ಟೇ ಆಗಿದ್ದರೆ ಮಾಮೂಲಿ ನಿಘಂಟು ಅನ್ನಬಹುದಿತ್ತು. ಕಿಟ್ಟೆಲ್ ಅವರು ಆ ಶಬ್ದ ಯಾವ ಕಾವ್ಯದಲ್ಲಿ ಬಂದಿದೆ ಅಂತ ಹೇಳುತ್ತಾರೆ. ಜನ ಅದನ್ನು ಯಾವ ಗಾದೆಯಲ್ಲಿ ಹೇಳುತ್ತಾರೆ ಅಂತ ಕೊಡುತ್ತಾರೆ. ತಮಿಳು, ಮಲಯಾಳ, ತೆಲುಗು, ತುಳುವಿನಲ್ಲಿ ಅದರ ಅಕ್ಕ ತಂಗಿ ಯಾವುದು ಅಂತಲೂ ತೋರಿಸುತ್ತಾರೆ. ನಾನು ಪುಟ ತಿರುಗಿಸಿ ತಿರುಗಿಸಿ ತುಳುವಿನ ಗುರುತು ಎಲ್ಲೆಲ್ಲಿ ಉಂಟು ಅಂತ ನೋಡಿದೆ. ನಮ್ಮ ಅಡಿಗೆಕೋಣೆಯ ಮಾತು ಅಷ್ಟು ದೊಡ್ಡ ಪುಸ್ತಕದಲ್ಲಿ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಈಗ ನಾವು ಬರೆಯದ ಒಂದು ಅಕ್ಷರವನ್ನೂ ಅವರು ಬಿಡಲಿಲ್ಲ. ಅದು ೞ. ಮಳೆ ಅನ್ನುವುದು ಮೊದಲು ಮೞೆ ಆಗಿತ್ತು. ಅದನ್ನು ಹೇಳುವುದು ಹೇಗೆ ಅಂತ ನನಗೆ ಪುಸ್ತಕ ನೋಡಿ ಗೊತ್ತಾಗಲಿಲ್ಲ. ಆ ಹುಡುಗಿಯ ಅಜ್ಜಿ ನಾಲಗೆ ಹಿಂದಕ್ಕೆ ಮಡಚಿ ಮಳೆ ಅಂತ ಹೇಳಿ ತೋರಿಸಿದರು. ನನಗೆ ಇನ್ನೂ ಬರುವುದಿಲ್ಲ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಅವರೇ 1872ರಲ್ಲಿ ಅಚ್ಚು ಹಾಕಿಸಿದ್ದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ. ಹಾಗಾಗಿ ಅವರಿಗೆ ಇಂಥ ಅಕ್ಷರಗಳ ಬೆಲೆ ಗೊತ್ತಿತ್ತು.

ಕಿಟ್ಟೆಲ್ ಅವರು ಕನ್ನಡ ಕಲಿಯುವಾಗ ಏನೆಲ್ಲ ಕಷ್ಟಪಟ್ಟಿರಬಹುದು ಅಂತ ನಾನೂ ಮಾಷ್ಟ್ರೂ ಒಂದು ದಿನ ಲೆಕ್ಕ ಹಾಕಿದೆವು. ಜರ್ಮನ್ ಭಾಷೆಯಲ್ಲಿ ಗದ್ದೆಯಲ್ಲಿ ಇದ್ದರೂ, ಗೋಣಿಯಲ್ಲಿ ಇದ್ದರೂ, ಬಟ್ಟಲಿನಲ್ಲಿ ಇದ್ದರೂ ರೈಸ್ ಅಂತ ಒಂದೇ ಶಬ್ದವಂತೆ. ನಮಗೆ ಗದ್ದೆಯಲ್ಲಿ ಭತ್ತ, ಗೋಣಿಯಲ್ಲಿ ಅಕ್ಕಿ, ಬಟ್ಟಲಿನಲ್ಲಿ ಅನ್ನ. ತುಳುವಿನಲ್ಲಿ ಬಾರ್, ಅರಿ, ನುಪ್ಪು. ತಮಿಳಿನಲ್ಲಿ ನೆಲ್ಲು, ಅರಿಸಿ, ಸೋರು. ಅಕ್ಕಿ ತಿಂದು ಬದುಕುವ ಊರಿನವರಿಗೆ ಮೂರು ಶಬ್ದ ಬೇಕು. ಇಲ್ಲದಿದ್ದರೆ ಅಮ್ಮ ಅಂಗಡಿಯಿಂದ ಏನು ತರಲಿಕ್ಕೆ ಹೇಳಿದ್ದು ಅಂತ ಗೊತ್ತಾಗುವುದಾದರೂ ಹೇಗೆ? ಅದೇ ಹಿಮದ ಬಗ್ಗೆ ಶಬ್ದ ಕೇಳಿದರೆ ನಮ್ಮ ಹತ್ತಿರ ಏನೂ ಹೆಚ್ಚು ಇಲ್ಲ, ಕಿಟ್ಟೆಲರ ಊರಿನವರ ಹತ್ತಿರ ಇರಬಹುದು.

ಇಂಗ್ಲಿಷಿನಲ್ಲಿ ಅಣ್ಣನಿಗೂ ತಮ್ಮನಿಗೂ ಬ್ರದರ್ ಒಂದೇ. ನಮ್ಮಲ್ಲಿ ದೊಡ್ಡವರು ಯಾರು ಸಣ್ಣವರು ಯಾರು ಅಂತ ತಿಳಿಯದೆ ಬಾಯಿಯೇ ತೆರೆಯಲಿಕ್ಕೆ ಆಗುವುದಿಲ್ಲ. ಪಿಯುಸಿ ಓದುವ ನಮ್ಮ ದೊಡ್ಡಪ್ಪನ ಮಗಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡ್ತಾಳೆ. ಅವಳು ಹೇಳಿದ್ದು, ಕೊರಿಯನ್ ಭಾಷೆಯಲ್ಲಿ ಹುಡುಗಿ ಅಣ್ಣನನ್ನು ಕರೆದರೆ ಒಪ್ಪಾ, ಹುಡುಗ ಅಣ್ಣನನ್ನು ಕರೆದರೆ ಹ್ಯೊಂಗ್. ಹಿರಿಯರ ಹತ್ತಿರ ಮಾತಾಡುವಾಗ ಕ್ರಿಯಾಪದವೇ ಬದಲಾಗುತ್ತದಂತೆ. ನಾವು ನೀನು ನೀವು, ಬಾ ಬನ್ನಿ ಅನ್ನುವ ಹಾಗೆ, ಆದರೆ ಇನ್ನೂ ಜಾಸ್ತಿ. ಮೊದಲು ಆ ಧಾರಾವಾಹಿಗಳನ್ನು ನೋಡಿ ನಾನು ತಮಾಷೆ ಮಾಡುತ್ತಿದ್ದೆ. ಈಗ ಅದರಲ್ಲಿ ಯಾರು ಯಾರಿಗೆ ಬಗ್ಗಿ ಮಾತಾಡ್ತಾರೆ ಅಂತ ನಾನೂ ನೋಡ್ತೇನೆ.

ಮತ್ತೆ ಆ ಹುಡುಗಿಯ ವಿಷಯ. ಟೀಚರ್ ಅನುಮತಿ ಕೊಟ್ಟರು, ಶನಿವಾರ ಬೆಳಗ್ಗಿನ ತರಗತಿ ಮುಗಿದ ಮೇಲೆ ಅರ್ಧ ಗಂಟೆ ನಾನು ನಲಿ ಕಲಿ ಕೋಣೆಗೆ ಹೋಗುವುದು. ಮೊದಲನೇ ಶನಿವಾರ ನಾನು ಅಕ್ಷರಮಾಲೆ ಹಿಡಿದುಕೊಂಡು ಹೋದೆ. ಅ ಅರಸ, ಆ ಆಟ ಅಂತ ಹೇಳಿಕೊಟ್ಟೆ. ಅವಳು ನನ್ನನ್ನು ನೋಡಲೇ ಇಲ್ಲ. ಎರಡನೇ ಶನಿವಾರವೂ ಹಾಗೆಯೇ. ನಕ್ಕವಳೇ ಕಲಿಸಲಿಕ್ಕೆ ಬಂದರೆ ಯಾರಿಗೆ ಮನಸ್ಸು ಬರುತ್ತದೆ?

ಮಾಷ್ಟ್ರು ಕಿಟ್ಟೆಲ್ ಏನು ಮಾಡಿದರು ಅಂತ ಯೋಚನೆ ಮಾಡು ಅಂದರು. ಕಿಟ್ಟೆಲ್ ಮೊದಲು ಕಲಿಸಲಿಲ್ಲ, ಕಲಿತರು. ಮೂರನೇ ಶನಿವಾರ ನಾನು ಪುಸ್ತಕ ಬಿಟ್ಟು ಚೀಲದಲ್ಲಿ ಒಂದು ಹೂ, ಒಂದು ಮುಷ್ಟಿ ಅಕ್ಕಿ, ಹುಲಿಯ ಚಿತ್ರ ತೆಗೆದುಕೊಂಡು ಹೋದೆ. ಹೂ ತೋರಿಸಿ ತುಳುವಿನಲ್ಲಿ ಪೂ ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಪೂ ಅಂದಳು. ಹುಲಿ ತೋರಿಸಿ ಪಿಲಿ ಅಂದೆ. ಅವಳು ತಲೆ ಅಲ್ಲಾಡಿಸಿ ಪುಲಿ ಅಂತ ನನ್ನನ್ನೇ ತಿದ್ದಿದಳು. ಆಮೇಲೆ ನಾನು ಬೇಕಂತಲೇ ಹತ್ತು ಸಲ ಪಿಲಿ ಅಂದೆ, ಅವಳು ಹತ್ತು ಸಲ ತಿದ್ದಿದಳು. ಕೊನೆಗೆ ನಕ್ಕಳು. ಹಾಲಿನ ಲೋಟ ತೋರಿಸಿ ಪಾಲ್ ಅಂತ ನಾನು ಹೇಳಿದಾಗ ಮಾತ್ರ ನಗು ನಿಂತಿತು. ನಾನು ಕ್ಷಮೆ ಕೇಳಿದೆ. ತಮಿಳಿನಲ್ಲಿ ಹೇಗೆ ಕೇಳುವುದು ಅಂತ ಗೊತ್ತಿಲ್ಲದೆ ಕನ್ನಡದಲ್ಲೇ ಕೇಳಿದೆ. ತುಳುವಿನಲ್ಲಿ ಹಾಲಿಗೆ ಪೇರ್ ಅಂತ ಹೇಳಿಕೊಟ್ಟೆ. ಅದು ಅವಳಿಗೆ ಯಾವುದಕ್ಕೂ ಹೋಲಲಿಲ್ಲ, ಅದಕ್ಕೇ ಇಷ್ಟವಾಯಿತು. ಈಗ ಹಾಲು ಕೊಡುವಾಗ ಪೇರ್ ಪೇರ್ ಅಂತ ಕುಣಿಯುತ್ತಾಳೆ.

ಒಂದು ದಿನ ಅವಳ ಅಜ್ಜಿ ಕರೆದುಕೊಂಡು ಹೋಗಲಿಕ್ಕೆ ಬಂದಿದ್ದರು. ಆಟಿ ತಿಂಗಳು, ಜೋರು ಮಳೆ, ಎಲ್ಲರೂ ಜಗಲಿಯಲ್ಲಿ ನಿಂತೆವು. ನಮ್ಮ ಅತ್ತಿಗೆ ಆಟಿಗೆ ತವರಿಗೆ ಹೋಗಿದ್ದಾಳೆ ಅಂತ ನಾನು ಯಾರಿಗೋ ಹೇಳುತ್ತಿದ್ದೆ. ಅಜ್ಜಿ ಅದನ್ನು ಕೇಳಿ, ತಮ್ಮಲ್ಲಿಯೂ ಈ ತಿಂಗಳಿಗೆ ಆಡಿ ಅಂತ ಹೆಸರು, ಹೊಸದಾಗಿ ಮದುವೆಯಾದವಳು ತಾಯಿ ಮನೆಗೆ ಹೋಗುತ್ತಾಳೆ ಅಂತ ಅರ್ಧ ತುಳು ಅರ್ಧ ಕನ್ನಡದಲ್ಲಿ ಹೇಳಿದರು. ನನಗೆ ಆಶ್ಚರ್ಯ. ಆಟಿ, ಆಡಿ. ಹೆಸರು ಮಾತ್ರ ಅಲ್ಲ, ಪದ್ಧತಿಯೂ ಜೊತೆಗೇ ಬಂದಿದೆ. ಆಷಾಢ ಅಂತ ಪುಸ್ತಕದಲ್ಲಿ ಬರೆಯುತ್ತೇವೆ, ಆದರೆ ಅದು ಚಂದ್ರನ ಲೆಕ್ಕದ ತಿಂಗಳು, ನಮ್ಮ ಆಟಿ ಸೂರ್ಯನ ಲೆಕ್ಕದ್ದು. ಶಬ್ದಕ್ಕೆ ಶಬ್ದ ಇಟ್ಟರೆ ಆಟಿ ಕಳೆಂಜ, ಆಟಿ ಅಮಾವಾಸ್ಯೆಯ ಕಹಿ ಕಷಾಯ ಎಲ್ಲ ಬಿಟ್ಟುಹೋಗುತ್ತದೆ. ಆ ಕಷಾಯ ಮಾಡುವ ಮರವನ್ನು ತುಳುವಿನಲ್ಲಿ ಪಾಲೆ ಅನ್ನುತ್ತೇವೆ, ಕನ್ನಡದಲ್ಲಿ ಹಾಲೆ. ಮತ್ತೆ ಅದೇ ಪ, ಅದೇ ಹ! ತೊಗಟೆ ಕೆತ್ತಿದರೆ ಹಾಲು ಬರುತ್ತದಲ್ಲ.

ಕಿಟ್ಟೆಲ್ ಅವರ ಉಳಿದ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ನಿಘಂಟು ಬಂದ ಮೇಲೆ 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಆಮೇಲೆ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು, ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 71 ವರ್ಷ. ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿ ಮದರಾಸು ವಿಶ್ವವಿದ್ಯಾನಿಲಯದಿಂದ ನಾಲ್ಕು ಸಂಪುಟಗಳಲ್ಲಿ ತಂದರು. ಕಿಟ್ಟೆಲರ ಮಿಷನ್ನಿನವರೇ ಆದ ಗುಂಡರ್ಟ್ ಅವರು 1872ರಲ್ಲಿ ಮಲಯಾಳ ನಿಘಂಟು ಮಾಡಿದ್ದರು, ಮ್ಯಾನರ್ ಅವರು 1886ರಲ್ಲಿ ತುಳು ನಿಘಂಟು ಮಾಡಿದ್ದರು. ಆಮೇಲೆ ಉಡುಪಿಯಲ್ಲಿ ಆರು ಸಂಪುಟದ ತುಳು ನಿಘಂಟು ಬಂತು. ಬೆಂಗಳೂರಿನಲ್ಲಿ ಕಿಟ್ಟೆಲರ ಪ್ರತಿಮೆ ಉಂಟು, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಉಂಟು.

ಅವರು ಇಲ್ಲಿಗೆ ಬಂದದ್ದು ಯಾವ ಉದ್ದೇಶಕ್ಕೆ, ಅದನ್ನು ಹೊಗಳಬೇಕಾ ಅಂತ ನಮ್ಮ ತರಗತಿಯಲ್ಲಿ ಚರ್ಚೆ ಆಯಿತು. ಕೆಲವರು ಒಂದು ಹೇಳಿದರು, ಕೆಲವರು ಇನ್ನೊಂದು. ನಾನು ನಿಘಂಟಿನ ಪುಟ ತೆರೆದು ತೋರಿಸಿದೆ. ಅಷ್ಟು ಪ್ರೀತಿ ಇಲ್ಲದೆ ಅಷ್ಟು ಗಾದೆ ಯಾರೂ ಬರೆದುಕೊಳ್ಳಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ನಾವೂ ಒಂದು ನಿಘಂಟು ಶುರು ಮಾಡಿದ್ದೇವೆ. 200 ಪುಟದ ನೋಟು ಪುಸ್ತಕ, ನಾಲ್ಕು ಗೆರೆ ಎಳೆದು ಕನ್ನಡ, ತುಳು, ತಮಿಳು, ಮತ್ತೆ ಬೇರೆ ಯಾವುದಾದರೂ. ಬ್ಯಾರಿ, ಅರೆಭಾಷೆ, ಹವ್ಯಕ, ಕೊಂಕಣಿಯವರು ನಿಮ್ಮ ಮನೆಯ ಶಬ್ದ ಕೊಡಬೇಕು. ಬರೆಯುವಾಗ ಅಜ್ಜಿಯರ ಹತ್ತಿರ ಕೇಳಿ ಬನ್ನಿ, ಟಿವಿಯಲ್ಲಿ ಕೇಳಿದ್ದು ಬೇಡ. ಪುಸ್ತಕ ನಲಿ ಕಲಿ ಕೋಣೆಯ ಕಪಾಟಿನಲ್ಲಿ ಉಂಟು. ಇಲ್ಲಿಯವರೆಗೆ 114 ಶಬ್ದ ಆಗಿದೆ. ಮೊನ್ನೆಯದ್ದು ನೂರ ಹದಿನಾಲ್ಕನೆಯದು.

ಮೊನ್ನೆ ತೋಟದ ಬದಿಯಲ್ಲಿ ಒಂದು ಅಡಿಕೆ ಹಾಳೆ ಬಿದ್ದಿತ್ತು. ನಾವು ಸಣ್ಣವರನ್ನು ಅದರಲ್ಲಿ ಕೂರಿಸಿ ಎಳೆಯುವುದು ನಿಮಗೆಲ್ಲ ಗೊತ್ತುಂಟಲ್ಲ. ಅವಳು ಓಡಿ ಬಂದು ಅದರ ಮೇಲೆ ಕೂತು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಇದಕ್ಕೆ ಕನ್ನಡದಲ್ಲಿ ಹಾಳೆ, ತುಳುವಿನಲ್ಲಿ ಪಾಳೆ ಅಂತ ಹೇಳಿದೆ. ಪಾಳೈ, ಎಳೀರಿ ಅಕ್ಕಾ, ಬೇಗ ಎಳೀರಿ ಅಂತ ಅವಳು ಕೂಗಿದಳು.